ಕಾಗದದ ಗಿಡದ ಹಾಲು

ಆ ಗಿಡದಲ್ಲಿ ಒಂದೆಲೆಯಂತೆ ಇನ್ನೊಂದೆಲೆ ಇರಲಿಲ್ಲ. ಒಂದು ವೀಳ್ಯದೆಲೆಯ ಹಾಗೆ ದುಂಡಗಿದ್ದರೆ, ಅದರ ಪಕ್ಕದ್ದು ಒಂದೇ ಕಡೆ ಸೀಳಿ ಹೆಬ್ಬೆರಳು ಚಾಚಿದ ಅಂಗೈಯಂತಿರುತ್ತಿತ್ತು. ಇನ್ನೊಂದು ಎರಡೂ ಕಡೆ ಸೀಳಿ, ಈಗಲೋ ಆಗಲೋ ಹಾರಿಹೋಗುವ ಬಾವಲಿಯಂತೆ ಕೂತಿರುತ್ತಿತ್ತು. ಒಲೆಯ ಮೇಲೆ ಬೇಳೆ ಬೇಯುವಷ್ಟು ಹೊತ್ತು ಸುವರ್ಣಮ್ಮ ಹಿತ್ತಿಲ ಬಾಗಿಲಿಗೆ ಒರಗಿ ಅವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಎಲೆಯ ಅಡಿಗೆ ಬೆರಳು ಆಡಿಸಿದರೆ ಎಳೆಗರುವಿನ ಕಿವಿ ಮುಟ್ಟಿದಂತೆ ಆಗುತ್ತಿತ್ತು. ಗಾಳಿ ಬಂದಾಗ ಎಲೆಗಳೆಲ್ಲ ತಿರುಗಿ ಬೆಳ್ಳಗೆ ಕಾಣುತ್ತಿದ್ದವು. ಹಿತ್ತಿಲಲ್ಲಿ ಯಾರೋ ಮಗ್ಗುಲಾದ ಹಾಗೆ ಅವಳಿಗೆ ಅನ್ನಿಸುತ್ತಿತ್ತು.

ಭದ್ರಾವತಿಯ ಜನ್ನಾಪುರದ ಆ ಬಾಡಿಗೆ ಮನೆಗೆ ಗಿಡ ತಂದವನು ಅವಳ ಗಂಡ ಉಜ್ಜನಪ್ಪ. ಕಾಗದದ ಕಾರ್ಖಾನೆ ಆಗಿನ್ನೂ ಹೊಸತು. ಬಿದಿರು ಬೇಯಿಸುವ ಕಡೆ ಅವನಿಗೆ ಕೆಲಸ. ಅಲ್ಲಿ ಮೇಲಿನ ಹುದ್ದೆಯಲ್ಲಿದ್ದ ಗೋವಿಂದಯ್ಯನವರಿಗೆ ಗಿಡಮರಗಳ ಹುಚ್ಚು. ಉತ್ತರದ ಕಡೆಯಿಂದ ಒಂದಿಷ್ಟು ಸಸಿ ತರಿಸಿ, ಹಿತ್ತಿಲಿರುವ ನೌಕರರಿಗೆ ಹಂಚಿ, ಯಾರ ಕೈಯಲ್ಲಿ ಚೆನ್ನಾಗಿ ಬರುತ್ತದೋ ನೋಡೋಣ ಎಂದಿದ್ದರು.

"ಇದರ ತೊಗಟೆಯಿಂದ ಕಾಗದ ಮಾಡ್ತಾರಂತೆ ಕಣೆ," ಎಂದಿದ್ದ ಉಜ್ಜನಪ್ಪ, ಒದ್ದೆ ಗೋಣಿಯಲ್ಲಿ ಸುತ್ತಿದ ಸಸಿಯನ್ನು ಜಗುಲಿಯ ಮೇಲಿಟ್ಟು.

"ತೊಗಟೆಯಿಂದಲಾ?"

"ಬಿದಿರಿಂದ ಅಂದ್ರೆ ನಂಬ್ತೀಯ, ತೊಗಟೆಯಿಂದ ಅಂದ್ರೆ ನಂಬಲ್ವಾ?"

ಆ ಮಳೆಗಾಲದಲ್ಲಿ ಅವಳು ಯಾವುದನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಚೊಚ್ಚಲ ಮಗು ಹುಟ್ಟಿ ತಿಂಗಳು ತುಂಬುವ ಮೊದಲೇ ಹೋಗಿತ್ತು. ಅವಳ ಎದೆಯಲ್ಲಿ ಹಾಲು ಇಳಿಯಲೇ ಇಲ್ಲ. ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸಿದರೂ ಆ ಪುಟ್ಟ ಹೊಟ್ಟೆಗೆ ಒಗ್ಗಲಿಲ್ಲ. ಯಾರೂ ಅವಳನ್ನು ಒಂದು ಮಾತು ಅಂದಿರಲಿಲ್ಲ. ಅನ್ನದೇ ಇದ್ದದ್ದೇ ಅವಳಿಗೆ ಹೆಚ್ಚು ಕೇಳಿಸುತ್ತಿತ್ತು.

ಕೈಗೆ ಏನಾದರೂ ಕೆಲಸ ಬೇಕೆಂದು ಗುಣಿ ತೋಡಿ ಸಸಿ ನೆಟ್ಟಳು. ನೆಡುವಾಗ ಒಂದೆಲೆ ಮುರಿಯಿತು. ತೊಟ್ಟಿನ ತುದಿಯಲ್ಲಿ ಬಿಳೀ ಬೊಟ್ಟು ಮೂಡಿತು. ಸೆರಗಿನಲ್ಲಿ ಒರೆಸಿದಳು, ಮತ್ತೆ ಮೂಡಿತು. ಮಣ್ಣುಗೈಯಲ್ಲಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅವಳು ಬಹಳ ಹೊತ್ತು ಅದನ್ನು ನೋಡಿದಳು.

ಅಂದಿನಿಂದ ಅಕ್ಕಿ ತೊಳೆದ ನೀರು ಆ ಗಿಡಕ್ಕೇ. ಒಲೆಯ ಬೂದಿ ಅದರ ಬುಡಕ್ಕೇ. ಮೇಕೆಗಳು ಬಾರದಂತೆ ಸುತ್ತ ಮುಳ್ಳು ಸಿಕ್ಕಿಸಿದಳು. ಗಾಳಿಗೆ ವಾಲಿದಾಗ ಬಿದಿರಿನ ಊರುಗೋಲು ಕೊಟ್ಟಳು. ಗಿಡ ಹಟ ಹಿಡಿದವರ ಹಾಗೆ ಬೆಳೆಯಿತು. ಗೋಡೆ ದಾಟಿ, ಹಂಚಿನ ಸೂರು ದಾಟಿ ನಿಂತಿತು. ಮಧ್ಯಾಹ್ನದ ಹೊತ್ತು ಅದರ ನೆರಳಲ್ಲಿ ಅಕ್ಕಿ ಆರಿಸುತ್ತ ಕೂತರೆ ಸುವರ್ಣಮ್ಮನಿಗೆ ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಒಂದು ಜೊಂಪು ಹತ್ತುತ್ತಿತ್ತು. ಆ ಜೊಂಪಿನಲ್ಲಿ ಗಿಡ ಒಬ್ಬ ಹೆಂಗಸಾಗುತ್ತಿತ್ತು. ಮಿಂದು ಕೂದಲು ಹರವಿಕೊಂಡು ಬೆನ್ನು ತಿರುಗಿಸಿ ಕೂತ ಹೆಂಗಸು. ಅವಳ ಮಡಿಲಲ್ಲಿ ಏನೋ ಇರುತ್ತಿತ್ತು. ಏನೆಂದು ಬಗ್ಗಿ ನೋಡುವಷ್ಟರಲ್ಲಿ ಕಾರ್ಖಾನೆಯ ಸಿಳ್ಳು ಕೂಗಿಬಿಡುತ್ತಿತ್ತು.

ಮತ್ತೆ ಬಸುರಿಯಾದಾಗ ಶಿವರಾತ್ರಿ ಕಳೆದ ಮೇಲೆ ಅಣ್ಣ ಬಂದು ಅವಳನ್ನು ಶಿವಮೊಗ್ಗೆಗೆ ಕರೆದೊಯ್ದ. ತವರುಮನೆ ದುರ್ಗಿಗುಡಿಯಲ್ಲಿ. ಹೊರಡುವಾಗ ಗಂಡನಿಗೆ ಅವಳು ಹೇಳಿದ್ದೆಲ್ಲ ಗಿಡದ ವಿಷಯವೇ. "ಬೆಳಿಗ್ಗೆ ನೀರು ಹಾಕಿ. ಮಧ್ಯಾಹ್ನ ಬೇಡ, ಬುಡ ಬೇಯುತ್ತೆ."

"ನನಗೆ ಊಟ ಯಾರು ಹಾಕ್ತಾರೆ ಅಂತ ಕೇಳಲಿಲ್ಲ ನೀನು," ಎಂದ ಉಜ್ಜನಪ್ಪ.

ಮುಂಗಾರಿನ ಮೊದಲ ಮಳೆಗೆ ಹೆಣ್ಣುಮಗು ಹುಟ್ಟಿತು. ಶಾಮಲಾ ಎಂದು ಹೆಸರಿಟ್ಟರು. ಅಮ್ಮ ಮೆಂತ್ಯದ ಹಿಟ್ಟು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಎಂದು ಒಂದಾದ ಮೇಲೊಂದು ತಿನ್ನಿಸಿದಳು. ಒಂದು ಸಂಜೆ ಸಾಂಬ್ರಾಣಿ ಹೊಗೆಯ ನಡುವೆ ಕೂತಿದ್ದಾಗ ರವಿಕೆ ಇದ್ದಕ್ಕಿದ್ದಂತೆ ಒದ್ದೆಯಾಯಿತು. ಮಳೆಹನಿ ಸೂರಿನಿಂದ ಬಿತ್ತೇನೋ ಎಂದು ಸುವರ್ಣಮ್ಮ ಮೇಲೆ ನೋಡಿದಳು. ಆಮೇಲೆ ಅಮ್ಮನ ಮುಖ ನೋಡಿದಳು. ಇಬ್ಬರೂ ಮಾತಾಡಲಿಲ್ಲ, ದೃಷ್ಟಿಯಾದೀತೆಂಬ ಭಯ.

ದಸರಾ ಹೊತ್ತಿಗೆ ಮಗು, ತೊಟ್ಟಿಲು, ಟ್ರಂಕು ಸಮೇತ ರೈಲಿನಲ್ಲಿ ಭದ್ರಾವತಿಗೆ ಬಂದಳು. ಮನೆಗೆ ಬಂದವಳೇ ಮಗುವನ್ನು ಎತ್ತಿಕೊಂಡು ನೇರ ಹಿತ್ತಿಲಿಗೆ ಹೋದಳು. ಗಿಡ ಇನ್ನೊಂದು ಆಳೆತ್ತರ ಬೆಳೆದಿತ್ತು. ಆದರೆ ಕಾಂಡದುದ್ದಕ್ಕೂ, ಕವಲುಗಳಲ್ಲೂ, ಹುಲ್ಲು ಸುತ್ತಿದ ಗೋಣಿಯ ಗಂಟುಗಳು ನೇತಾಡುತ್ತಿದ್ದವು. ಕಾಗೆಗಳು ಅಲ್ಲೇ ಬೀಡುಬಿಟ್ಟಿದ್ದವು. ವಾಸನೆಯೂ ಇತ್ತು.

"ಏನ್ರೀ ಇದು?"

"ಯಾವುದು?" ಉಜ್ಜನಪ್ಪ ಟ್ರಂಕು ಇಳಿಸುವ ನೆಪದಲ್ಲಿ ಮುಖ ತಿರುಗಿಸಿದ.

"ಗಿಡದಲ್ಲಿ ನೇತಾಡ್ತಿರೋದು!"

"ಅದಾ? ಮಾಸು. ಅಗೋ ಅದು ಮೆಹಬೂಬ್ ಬೀ ಎಮ್ಮೇದು. ಇದು ಶಾಂತಮ್ಮನ ಹಸೂದು. ಆ ಮೇಲಿಂದು... ಯಾರದೋ ಮರೆತುಹೋಯ್ತು."

ಹಸುವೋ ಎಮ್ಮೆಯೋ ಈದರೆ ಅದರ ಮಾಸನ್ನು ನಾಯಿನರಿ ಮುಟ್ಟದ ಹಾಗೆ ಹುಲ್ಲಲ್ಲಿ ಸುತ್ತಿ, ಹಾಲು ಸುರಿಸುವ ಮರಕ್ಕೆ ಎತ್ತರದಲ್ಲಿ ಕಟ್ಟುವುದು ಅಲ್ಲಿ ದನ ಸಾಕಿದವರೆಲ್ಲರ ರೂಢಿ. ಮರದ ಹಾಲಿನ ಹಾಗೆ ಕೆಚ್ಚಲ ಹಾಲೂ ಬತ್ತದಿರಲಿ ಎಂದು. ಅದಕ್ಕೆ ಮಲವಗೊಪ್ಪದ ಹಾದಿಯಲ್ಲಿ ಒಂದು ದೊಡ್ಡ ಆಲದ ಮರವಿತ್ತು. ಆದರೆ ಒಂದು ದಿನ ಮಳೆ ಬಿಡದೆ ಹೊಯ್ಯುವಾಗ ಪಕ್ಕದ ಮನೆಯ ಮೆಹಬೂಬ್ ಬೀಯ ಎಮ್ಮೆ ಈದಿತು. ಅಷ್ಟು ದೂರ ಹೋಗುವವರು ಯಾರು? ಎದುರುಮನೆಯ ಶಾಂತಮ್ಮ, ಊರಿಗೆಲ್ಲ ಶಾಸ್ತ್ರ ಹೇಳುವ ಹಿರಿಯಾಕೆ, ಈ ಗಿಡದ ಎಲೆ ಮುರಿದು ನೋಡಿ, "ಹಾಲು ಬರುತ್ತಲ್ಲೇ! ಇದೂ ಹಾಲುಮರವೇ!" ಎಂದು ತೀರ್ಪು ಕೊಟ್ಟಳು. ಎಮ್ಮೆ ಆ ಸಲ ಎಂದಿಗಿಂತ ಹೆಚ್ಚು ಹಾಲು ಕೊಟ್ಟಿತು. ಸುದ್ದಿ ಹರಡಲು ಇನ್ನೇನು ಬೇಕು?

"ನೀವು ಬೇಡ ಅನ್ನಲಿಲ್ವಾ?"

"ಕಟ್ಟೋಕೆ ಬಂದವರೆಲ್ಲ ಗಿಣ್ಣು ತಂದುಕೊಟ್ರು ಕಣೆ," ಎಂದ ಅವನು ಮೆಲ್ಲಗೆ. "ಏಲಕ್ಕಿ ಹಾಕಿ."

ಸುವರ್ಣಮ್ಮ ಬೈಯಬೇಕೆಂದುಕೊಂಡಳು. ನಗು ಬಂತು.

ದಿನ ಕಳೆದಂತೆ ಅವಳಿಗೆ ಅದು ಹಿತವೆನಿಸತೊಡಗಿತು. ಮೊದಲೆಲ್ಲ ಯಾರೂ ಬಾರದಿದ್ದ ಹಿತ್ತಿಲಿಗೆ ಈಗ ಹೆಂಗಸರು ಬರುತ್ತಿದ್ದರು. ಗಂಟು ಕಟ್ಟಿ, ಮಗುವಿನ ಗಲ್ಲ ಹಿಂಡಿ, ಎರಡು ಮಾತಾಡಿ ಹೋಗುತ್ತಿದ್ದರು. ಯಾರೂ ಅವಳ ಹಳೆಯ ದುಃಖವನ್ನು ಕಣ್ಣಲ್ಲೂ ಕೇಳುತ್ತಿರಲಿಲ್ಲ. ಹಾಲುಮರದ ಮನೆಯವಳು ಎನ್ನುತ್ತಿದ್ದರು. ಮಧ್ಯಾಹ್ನ ಗಿಡದ ಕೆಳಗೆ ಗೋಡೆಗೆ ಒರಗಿ ಶಾಮಲೆಗೆ ಹಾಲೂಡಿಸುವಾಗ ಎಲೆಗಳ ನೆರಳು ಮಗುವಿನ ಮುಖದ ಮೇಲೆ ಈಜುತ್ತಿತ್ತು. ಮಗು ಗುಟುಕು ಹಾಕುವ ಸದ್ದಿಗೂ ಮೇಲೆ ಎಲೆ ಅಲುಗುವುದಕ್ಕೂ ಏನೋ ಒಳಒಪ್ಪಂದವಿದ್ದಂತೆ ತೋರುತ್ತಿತ್ತು. ಬೇರು ಮಣ್ಣಿನಿಂದ ಎಳೆದದ್ದು ಕಾಂಡದಲ್ಲಿ ಹತ್ತಿ, ತನ್ನ ಬೆನ್ನಿಗೆ ಇಳಿದು, ಎದೆಗೆ ಬಂದು, ಈ ಪುಟ್ಟ ಬಾಯಿಗೆ ಹೋಗುತ್ತಿದೆ ಎಂದು ಅರೆಗಣ್ಣಿನಲ್ಲಿ ಅವಳಿಗೆ ಅನ್ನಿಸುತ್ತಿತ್ತು. ಅದನ್ನು ನಂಬಿದಳೋ ಇಲ್ಲವೋ ಅವಳಿಗೇ ತಿಳಿಯದು. ನಂಬದೆ ಇರುವ ಧೈರ್ಯ ಮಾತ್ರ ಇರಲಿಲ್ಲ.

ಹಾಗಿರುವಾಗ ಕಾರ್ತಿಕದ ಒಂದು ಸಂಜೆ ಉಜ್ಜನಪ್ಪ ಕೈಕಾಲು ತೊಳೆದು ಬಂದವನು ತಟ್ಟೆಯ ಮುಂದೆ ಕೂತ.

"ಗೋವಿಂದಯ್ಯನೋರು ಹೇಳಿದ್ರು. ಗಿಡ ಕಡೀಬೇಕಂತೆ. ಮೊಣಕಾಲೆತ್ತರ ಬಿಟ್ಟು. ಈ ಕಾಲದಲ್ಲೇ ತೊಗಟೆ ಹದವಾಗಿರುತ್ತಂತೆ. ಮತ್ತೆ ಚಿಗುರುತ್ತಂತೆ."

"ಅಂತೆ, ಅಂತೆ," ಎಂದಳು ಸುವರ್ಣಮ್ಮ. ಬಡಿಸುತ್ತಿದ್ದ ಸೌಟು ಕೈಯಲ್ಲೇ ಉಳಿಯಿತು.

"ಗಿಡ ಕೊಟ್ಟೋರು ಅವರೇ ಕಣೆ. ನಾವು ಸಾಕಿದ್ದು ಅಷ್ಟೆ."

"ಸಾಕಿದ್ದು ಅಷ್ಟೆ," ಎಂದು ಅವಳೂ ಅಂದಳು.

ಮಾತು ಗೋಡೆಯಾಚೆ ಹೋಗಲು ಬೆಳಗಾಗುವುದು ಸಾಕಾಯಿತು. ಶಾಂತಮ್ಮ ಎಲೆಅಡಿಕೆ ಬಾಯಲ್ಲೇ ಓಡಿಬಂದಳು. "ಏನೇ ಇದು ಮಾರಾಯ್ತಿ, ಕಡೀತೀರಂತೆ? ಹಾಲುಮರಕ್ಕೆ ಕತ್ತಿ ಹಾಕಿದ್ರೆ ಹಾಲೂಡಿಸೋರಿಗೆ ಒಳ್ಳೇದಲ್ಲ. ನಮ್ಮ ದನ ಹಾಳಾಗ್ಲಿ, ನಿನ್ನ ಮಡಿಲಲ್ಲಿ ಎದೆಹಾಲಿನ ಕೂಸಿದೆ. ನಾನು ಹೇಳೋದು ಹೇಳಿದ್ದೀನಿ. ಆಮೇಲೆ ಶಾಂತಮ್ಮ ಬಾಯಿ ಬಿಡಲಿಲ್ಲ ಅನ್ನಬೇಡ."

"ನೀವು ಯಾವತ್ತು ಬಾಯಿ ಬಿಡದೆ ಇದ್ದೀರಿ?" ಎಂದಳು ಮೆಹಬೂಬ್ ಬೀ ಗೋಡೆಯ ಮೇಲಿಂದ. ಆದರೆ ಅವಳ ದನಿಯಲ್ಲೂ ತಮಾಷೆ ಅಷ್ಟಿರಲಿಲ್ಲ. ಶಾಂತಮ್ಮ ಹೋದ ಮೇಲೆ ಹೇಳಿದಳು: "ಸುವರ್ಣಕ್ಕಾ, ನಮ್ಮ ಎಮ್ಮೆ ಈಗ ಚೆನ್ನಾಗಿ ಕರೀತಿದೆ. ನಾನು ಹೂಂ ಅನ್ನಲ್ಲ, ಊಹೂಂ ಅನ್ನಲ್ಲ. ನಿಮ್ಮ ಇಷ್ಟ."

ಸುವರ್ಣಮ್ಮ ಗಂಡನಿಗೆ ಹೇಳಿದಳು, ಸ್ವಲ್ಪ ದಿನ ತಡೆಯಲಿ ಎಂದು. ಗೋವಿಂದಯ್ಯನವರು ಒಳ್ಳೆಯವರು. ಆಗಲಿ, ಎಲೆ ಪೂರ್ತಿ ಉದುರುವವರೆಗೆ ನೋಡೋಣ ಎಂದರು.

ಆದರೆ ಭಯ ಆಗಲೇ ಮನೆಯೊಳಗೆ ಬಂದು ಕೂತಿತ್ತು. ಹಾಲು ಕಡಿಮೆಯಾಗುತ್ತಿದೆ ಎಂದು ಅವಳಿಗೆ ಮೊದಲು ಅನುಮಾನವಾಯಿತು. ಆಮೇಲೆ ಅನುಮಾನ ಉಳಿಯಲಿಲ್ಲ. ಶಾಮಲಾ ಬಾಯಿ ಹಾಕುವಳು, ಎಳೆಯುವಳು, ಬಿಟ್ಟು ತಾಯಿಯ ಮುಖ ನೋಡುವಳು, ಅಳುವಳು. ಮತ್ತೆ ಮೆಂತ್ಯ, ಮತ್ತೆ ಬೆಳ್ಳುಳ್ಳಿ, ಏನೂ ನಡೆಯಲಿಲ್ಲ. ಮೂಲೆಯಲ್ಲಿ ಕವುಚಿಟ್ಟಿದ್ದ ಒಳಲೆಯನ್ನು ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕಡಿಯುವ ಮಾತಿಗೇ ಹೀಗಾದರೆ, ಕಡಿದರೆ?

ಒಂದು ಮಧ್ಯಾಹ್ನ ಮಗು ಅತ್ತು ಅತ್ತು ಮಲಗಿತು. ಸುವರ್ಣಮ್ಮ ಗಿಡದ ಕೆಳಗೆ ಬಂದು ಕೂತಳು. ಜೊಂಪು ಹತ್ತಿತು. ಕೂದಲು ಹರವಿಕೊಂಡ ಹೆಂಗಸು ಬಂದಳು. ಈ ಸಲ ಅವಳು ಎರಡೂ ಕೈಯಲ್ಲಿ ತನ್ನ ಕೊರಳು ಹಿಡಿದುಕೊಂಡಿದ್ದಳು. ಮುಖದ ಮೇಲೇನೋ ಬಿದ್ದು ಸುವರ್ಣಮ್ಮನಿಗೆ ಎಚ್ಚರವಾಯಿತು. ಎಲೆ. ಹಳದಿ ಎಲೆ.

ಹೋದ ವರ್ಷ ಎಲೆ ಉದುರಿದ್ದು ಸಂಕ್ರಾಂತಿಯ ಹತ್ತಿರ ಹತ್ತಿರ. ಈಗಿನ್ನೂ ಕಾರ್ತಿಕ ಮುಗಿದಿಲ್ಲ. ತಲೆಯೆತ್ತಿ ನೋಡಿದಳು. ಗಿಡದ ನೆತ್ತಿ ಪೂರ್ತಿ ಬಿಳಿಚಿಕೊಂಡಿತ್ತು. ಗಂಟುಗಳಿಗಿಂತ ಕೆಳಗಿನ ಎಲೆಗಳು ಮಾತ್ರ ಹಸಿರಾಗಿ, ಸೊಕ್ಕಾಗಿ ಇದ್ದವು. ಎದ್ದು ಕಾಂಡದ ಮೇಲೆ ಕೈಯಾಡಿಸಿದಳು. ಎಲ್ಲಕ್ಕಿಂತ ಕೆಳಗಿನ, ಮೊಟ್ಟಮೊದಲು ಕಟ್ಟಿದ ಗಂಟಿನ ಹುರಿ ಕೈಗೆ ಸಿಗಲೇ ಇಲ್ಲ. ಅದು ತೊಗಟೆಯೊಳಗೆ ಮುಳುಗಿತ್ತು. ಮೇಲೂ ಕೆಳಗೂ ತೊಗಟೆ ತುಟಿಯಂತೆ ಉಬ್ಬಿ ಅದನ್ನು ನುಂಗಿತ್ತು. ಉಗುರಿನಿಂದ ಬಿಡಿಸಹೋದರೆ ಹಾಲು ಒಸರಿತು.

"ಮೆಹಬೂಬ್!" ಎಂದು ಕೂಗಿದಳು. "ಬೇಗ ಬಾರೇ!"

ಮೆಹಬೂಬ್ ಬೀ ಸಗಣಿಗೈಯಲ್ಲೇ ಬಂದಳು. ಹುರಿಯ ಜಾಗಕ್ಕೆ ಬೆರಳಿಟ್ಟು ನೋಡಿದಳು. ಅವಳ ಮುಖ ಸಣ್ಣಗಾಯಿತು. "ಅರೆ ಅಲ್ಲಾ! ಕರುವಿನ ಕುತ್ತಿಗೆ ಹಗ್ಗ ಬೆಳೆದ ಹಾಗೆಲ್ಲ ಸಡಿಲಿಸ್ತೀವಿ. ಇದನ್ನ ಒಬ್ಬರೂ ಸಡಿಲಿಸಲಿಲ್ಲ, ನೋಡಕ್ಕಾ."

"ಈಗ ಬಿಚ್ಚಿದ್ರೆ?"

"ಎಲ್ಲಿ ಬಿಚ್ಚೋದು? ಮಾಂಸದೊಳಗೇ ಹೋಗಿದೆ. ಮೇಲಿಂದು ಉಳಿಯಲ್ಲ. ಕೆಳಗಿಂದೂ ಉಳಿಯುತ್ತೋ ಇಲ್ಲವೋ."

ಕೆಳಗಿನದು ಉಳಿಯುತ್ತದೆ ಎಂದು ಸುವರ್ಣಮ್ಮನಿಗೆ ಗೊತ್ತಿತ್ತು. ಬಸಳೆಯ ಪಾತಿ ಅಗೆಯುವಾಗ ಗುದ್ದಲಿ ತಗುಲಿ ಈ ಗಿಡದ ಬೇರು ಗಾಯವಾದಲ್ಲೆಲ್ಲ ಹೊಸ ಮೊಳಕೆ ಎದ್ದಿದ್ದವು. ಎಮ್ಮೆಗೆಂದು ಕಡಿದ ಕೊಂಬೆಯ ಮೊಂಡಿನಿಂದ ಒಂದರ ಬದಲು ಗೊಂಚಲು ಕೊಂಬೆ ಬಂದಿದ್ದವು. ಕತ್ತಿ ಅದಕ್ಕೆ ಹೊಸದಲ್ಲ. ಇಲ್ಲಿಯವರೆಗೆ ಅದು ತಡೆಯಲಾರದೆ ಹೋದದ್ದು ಈ ಪ್ರೀತಿಯ ಗಂಟುಗಳನ್ನು ಮಾತ್ರ.

ಅವಳು ಶಾಂತಮ್ಮನ ಮನೆಗೆ ಹೋಗಿ ಅವಳನ್ನು ಕೈಹಿಡಿದು ಕರೆತಂದಳು. ಅವಳ ಬೆರಳನ್ನು ಹುರಿ ಹೂತಿದ್ದ ಜಾಗಕ್ಕೆ ಒತ್ತಿದಳು.

ಶಾಂತಮ್ಮ ಆ ಉಬ್ಬಿನ ಸುತ್ತ ಬೆರಳಾಡಿಸಿದಳು. "ಆಲಕ್ಕೆ ಏನೂ ಆಗ್ತಿರಲಿಲ್ವಲ್ಲೇ," ಎಂದಳು. "ನಮ್ಮ ಅತ್ತೆ ಕಾಲದಿಂದ ಕಟ್ಟಿದ್ದೀವಿ."

"ಇದು ಆಲ ಅಲ್ಲ ಶಾಂತಮ್ಮ."

"ಹಾಲು ಬಂತಲ್ಲೇ!"

"ಬಂತು. ಇದಿನ್ನೂ ಎಳೇ ಬಾಣಂತಿ. ಊರಿನ ಹೊರೆ ಎಲ್ಲ ಹೊರಿಸಿಬಿಟ್ವಿ. ಈಗ ಕಡಿದ್ರೆ ಬುಡವಾದ್ರೂ ಮತ್ತೆ ಚಿಗುರುತ್ತೆ."

ಶಾಂತಮ್ಮ ಕಣ್ಣು ಒರೆಸಿಕೊಂಡಳೋ, ಮುಖಕ್ಕೆ ಅಡ್ಡಬಂದ ನೊಣ ಓಡಿಸಿದಳೋ ತಿಳಿಯಲಿಲ್ಲ. "ಸರಿ. ಯಾರು ಕಡೀತಾರೆ? ನಮ್ಮ ಮನೆಯೋರಂತೂ ಮುಟ್ಟಲ್ಲ."

"ನಾನೇ."

"ತಲೆ ನೆಟ್ಟಗಿದೆಯೇನೇ ನಿನಗೆ? ಹಾಲೂಡಿಸೋಳು!"

"ಬೇರೆಯೋರು ಕಡಿದ್ರೆ ನನ್ನ ಜೀವ ತಡೆಯಲ್ಲ. ನಾನು ನೆಟ್ಟಿದ್ದು. ಎಷ್ಟು ನೋಯುತ್ತೆ ಅಂತ ನನಗೆ ಗೊತ್ತಾಗಲಿ." ಕಡಿದ ಮೇಲೆ ತನ್ನಲ್ಲಿ ಇರುವಷ್ಟೂ ಬತ್ತಿದರೆ ಎಂಬ ಭಯ ಮಾತ್ರ ಹೋಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಉಜ್ಜನಪ್ಪ ಗರಗಸ ತಂದ. ಗಂಟುಗಳನ್ನು ಏನು ಮಾಡುವುದೆಂಬುದಕ್ಕೆ ದಾರಿ ತೋರಿಸಿದವಳು ಮೆಹಬೂಬ್ ಬೀ. ಅವಳ ಗಂಡ ಪೀರ್ ಬಾಷಾ ಕಾರ್ಖಾನೆಗೆ ಬಿದಿರು ಹೊರುವ ಲಾರಿ ಓಡಿಸುತ್ತಿದ್ದ. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಲಾರಿ. ಕಡಿದ ಮೇಲ್ಭಾಗವನ್ನು ಗಂಟುಗಳ ಸಮೇತ ಮಲವಗೊಪ್ಪದ ಆಲದ ಬುಡಕ್ಕೆ ಒರಗಿಸಿ ಬರುತ್ತೇನೆ ಎಂದ ಅವನು. ಹುರಿ ಬೀಳದ ಕೆಳಗಿನ ಕೊಂಬೆಗಳನ್ನು ಮೊದಲೇ ಕಡಿದಿಟ್ಟರೆ ಗೋವಿಂದಯ್ಯನವರಿಗೆ ಅಷ್ಟು ಸಾಕು.

ಶಾಂತಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಿತ್ತಿಲ ಬಾಗಿಲಲ್ಲಿ ಬೆನ್ನುಮಾಡಿ ಕೂತಳು. ಸುವರ್ಣಮ್ಮ ಗಿಡಕ್ಕೆ ಅರಿಸಿನ ಕುಂಕುಮ ಹಚ್ಚಿದಳು. ಆಮೇಲೆ ಸೆರಗಿನ ಮರೆಯಲ್ಲಿ ಎದೆ ಹಿಂಡಿದಳು. ಎಷ್ಟು ಹಿಂಡಿದರೂ ಬಂದದ್ದು ಒಂದೆರಡು ಹನಿ. ಇದ್ದದ್ದನ್ನೇ ಬುಡಕ್ಕೆ ಬಿಟ್ಟು, ಗರಗಸದ ಒಂದು ತುದಿ ಹಿಡಿದಳು. ಇನ್ನೊಂದು ತುದಿಯಲ್ಲಿ ಗಂಡ.

ಗರಗಸ ಸರಾಗವಾಗಿ ಹೋಯಿತು. ಮರ ಅವಳೆಣಿಸಿದ್ದಕ್ಕಿಂತ ಮೆತ್ತಗಿತ್ತು. ಹಲ್ಲುಗಳ ಮೇಲೆಲ್ಲ ಹಾಲು. ಮೇಲಿನ ಭಾಗ ನಿಧಾನವಾಗಿ, ಯಾರೋ ನಿದ್ದೆಗೆ ಜಾರುವ ಹಾಗೆ, ವಾಲಿ ಬಿತ್ತು. ಕಾಗೆಗಳು ಬೈಯುತ್ತ ಎದ್ದುಹೋದವು. ಹಿತ್ತಿಲಲ್ಲಿ ಇದ್ದಕ್ಕಿದ್ದಂತೆ ತುಂಬ ಆಕಾಶ ಕಾಣಿಸಿತು. ಉಜ್ಜನಪ್ಪನೂ ಪೀರ್ ಬಾಷಾನೂ ಬಿದ್ದ ಭಾಗವನ್ನು ಬೀದಿಯಲ್ಲಿದ್ದ ಲಾರಿಗೆ ಎಳೆದೊಯ್ದರು.

ಮೊಂಡಿನ ಅಂಚಿನಲ್ಲಿ ಬಿಳೀ ಹನಿಗಳು ಬಳೆಯಂತೆ ಮೂಡಿ ಇಳಿಯತೊಡಗಿದವು. ಸುವರ್ಣಮ್ಮ ಸಗಣಿ ಮಣ್ಣು ಕಲಸಿ ಗಾಯದ ಮೇಲೆ ಮೆತ್ತಿದಳು, ತಟ್ಟಿದಳು. ಅಷ್ಟರಲ್ಲಿ ಮಗು ಎದ್ದಿತು. ಕೈ ತೊಳೆದು ಬಂದು, ಗೋಡೆಗೆ ಒರಗಿ ಕೂತು ಎತ್ತಿಕೊಂಡಳು. ಶಾಮಲಾ ಬಾಯಿ ಹಾಕಿದಳು. ಎಳೆದಳು. ಬಿಟ್ಟಳು. ಅತ್ತಳು. ಮತ್ತೆ ಹಾಕಿದಳು. ಏನೂ ಇರಲಿಲ್ಲ. ಅವಳೂ ಶಾಂತಮ್ಮನೂ ಪಕ್ಕದಲ್ಲಿ ನಿಂತಿದ್ದ ಮೆಹಬೂಬ್ ಬೀಯೂ ಮಗುವಿನ ಗಂಟಲನ್ನೇ ನೋಡುತ್ತಿದ್ದರು. ಅದು ಗುಟುಕಿಗೆ ಅಲುಗಲಿಲ್ಲ. ನೆರಳಿಲ್ಲದ ಬಿಸಿಲು ಮಗುವಿನ ಕಣ್ಣಿಗೆ ಬೀಳದಂತೆ ಸುವರ್ಣಮ್ಮ ಸೆರಗು ಎಳೆದುಕೊಂಡಳು. ಶಾಂತಮ್ಮ ಬಾಯಿ ತೆರೆದಳು. ಮೊದಲ ಬಾರಿಗೆ, ಏನೂ ಹೇಳದೆ ಮುಚ್ಚಿದಳು.

ಬೀದಿಯಲ್ಲಿ ಪೀರ್ ಬಾಷಾನ ಲಾರಿ ಕೆಮ್ಮಿ ಕೆಮ್ಮಿ ಹೊರಟಿತು. ಮೆಹಬೂಬ್ ಬೀ ಹಿತ್ತಿಲ ಗೋಡೆಯ ಮೇಲಿಂದ ಬೀದಿಯತ್ತ ಇಣುಕಿದಳು. ಹೊಗೆಯುಗುಳುವ ಲಾರಿಯ ಮೇಲೆ ಗಿಡ ಎಲೆಗಳನ್ನು ಬೀಸುತ್ತ ಮಲಗಿತ್ತು. ಗಂಟುಗಳು ಗೆಜ್ಜೆಯ ಹಾಗೆ ಕುಣಿಯುತ್ತಿದ್ದವು. ಹಿಂದೆ ಕಾಗೆಗಳ ದಂಡು, ಅದರ ಹಿಂದೆ ಬೀದಿಯ ನಾಯಿಗಳೆಲ್ಲ.

"ನೋಡಿ ಸುವರ್ಣಕ್ಕಾ," ಎಂದಳು ಮೆಹಬೂಬ್ ಬೀ, ಸೊಂಟದ ಮೇಲೆ ಕೈಯಿಟ್ಟು. "ನನ್ನ ಮದುವೇಲಿ ಎತ್ತಿನ ಗಾಡಿ. ಅದೂ ದಾರೀಲಿ ಗಾಲಿ ಮುರಿದು ನಡೆದೇ ಬಂದೆ. ಈಗ ಎಮ್ಮೆ ಮಾಸಿಗೆ ಲಾರಿ ಮೆರವಣಿಗೆ! ಇವರೇ ಡ್ರೈವರ್!"

ಮೊದಲು ನಕ್ಕವಳು ಶಾಂತಮ್ಮ. ಎಲೆಅಡಿಕೆ ಗಂಟಲಿಗೆ ಹತ್ತಿ, ಕೆಮ್ಮುತ್ತ, ಬೆನ್ನು ಗುದ್ದಿಸಿಕೊಳ್ಳುತ್ತ ನಕ್ಕಳು. ಸುವರ್ಣಮ್ಮ ತಡೆದುಕೊಂಡಳು, ತಡೆದುಕೊಂಡಳು, ಆಗಲಿಲ್ಲ. ಹೊಟ್ಟೆಯ ಆಳದಿಂದ, ಎಷ್ಟೋ ದಿನದಿಂದ ಅಲ್ಲೇ ಬಿಗಿದು ಕೂತಿದ್ದೇನೋ ಸಡಿಲವಾದಂತೆ ನಗು ಎದ್ದಿತು. ಮಡಿಲಲ್ಲಿ ಮಗು ಸಮೇತ ಅಲುಗಾಡಿದಳು. ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಲು ಎತ್ತಿದ ಕೈ ಅಲ್ಲೇ ತಡೆಯಿತು.

ಎದೆಯಲ್ಲಿ ನೂರು ಸಣ್ಣ ಸೂಜಿಗಳು ಚುಚ್ಚಿದಂತಾಯಿತು. ಬಿಸಿಯಾಯಿತು. ಮಗು ಬಾಯಿ ಹಾಕದ ಇನ್ನೊಂದು ಕಡೆಯಲ್ಲಿ ರವಿಕೆ ಮೆಲ್ಲಗೆ ಒದ್ದೆಯಾಗುತ್ತ ಹೋಯಿತು. ಶಾಮಲಾ ಅರೆಗಳಿಗೆ ಬೆರಗಾದವಳಂತೆ ಎಳೆಯುವುದು ನಿಲ್ಲಿಸಿದಳು, ಆಮೇಲೆ ಕಣ್ಣುಮುಚ್ಚಿ ಗುಟುಕು ಗುಟುಕಾಗಿ ಕುಡಿಯತೊಡಗಿದಳು. ಒಂದು ಪುಟ್ಟ ಕೈ ತಾಯಿಯ ಕತ್ತಿನ ಕಡೆಗೆ ಬೆರಳು ಬಿಡಿಸಿಕೊಂಡು ಏರಿತು.

"ಏನೇ?" ಎಂದಳು ಶಾಂತಮ್ಮ, ಕೆಮ್ಮು ನಿಲ್ಲಿಸಿ.

ಸುವರ್ಣಮ್ಮ ತುಟಿಯ ಮೇಲೆ ಬೆರಳಿಟ್ಟಳು. ಮಾತಾಡಬೇಡಿ, ಕುಡೀತಿದ್ದಾಳೆ ಎಂದು ಕಣ್ಣಲ್ಲೇ ಹೇಳಿದಳು.